ಮೂರನೇ ಮಹಡಿಯ ಬೀಗದ ಕೈ

"ಅಲ್ಲೇ ನಿಂತ್ಕೊಳೇ! ಇನ್ನೊಂದು ಮೆಟ್ಲು ಹತ್ತಿದ್ರೆ ಕಾಲು ಮುರೀತೀನಿ. ನನ್ ಮಗ ಉಣ್ತಾ ಅವನೆ, ಕಾಣಾಕಿಲ್ವಾ ನಿನ್ ಹಾಳು ಕಣ್ಣಿಗೆ?"

ಯೆಶಿ ಒಂದು ಕಾಲನ್ನು ಮೇಲಿನ ಮೆಟ್ಟಿಲ ಮೇಲೂ ಇನ್ನೊಂದನ್ನು ಕೆಳಗಿನದರ ಮೇಲೂ ಇಟ್ಟು ನಿಂತುಬಿಟ್ಟಳು. ಇಂಜೆರಾ ರೊಟ್ಟಿ ಸುಡುವ ಅಗಲವಾದ ಮಣ್ಣಿನ ಹೆಂಚನ್ನು ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡಿದ್ದಳು. ಎಂಟೊಟೊ ಬೆಟ್ಟದ ತಪ್ಪಲಿನಿಂದ ಎರಡು ಬಸ್ಸು ಬದಲಿಸಿ, ಅಡಿಸ್ ಪಟ್ಟಣದ ಈ ಕೊನೆಯ ಹೊಸ ಬಡಾವಣೆಗೆ ಅದನ್ನು ಹೊತ್ತು ತಂದಿದ್ದಳು. ತಂಗಿ ಬೆಲೆತು ಈ ಮೂರನೇ ಮಹಡಿಗೆ ಬಂದ ಮೇಲೆ ಅಕ್ಕ ನೋಡಲು ಬರುತ್ತಿದ್ದದ್ದು ಇದೇ ಮೊದಲು. ಹೊಸ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ?

ಎದುರುಮನೆಯ ಹೆಂಗಸು ಮೊಣಕಾಲ ಮೇಲಿದ್ದ ಮಗುವಿನ ಮುಖಕ್ಕೂ ತಟ್ಟೆಗೂ ಸೆರಗು ಮುಚ್ಚಿ ತ್ಥೂ, ತ್ಥೂ, ತ್ಥೂ ಎಂದು ಉಗಿದಳು.

"ಮಡಕೆ ಮಾಡೋ ಬುಡಾಗಳು ಇಲ್ಲಿಗೂ ಬರೋಕೆ ಶುರು ಮಾಡಿದ್ವಲ್ಲಪ್ಪ!"

ಬುಡಾ ಎಂದರೆ ಕಣ್ಣಲ್ಲೇ ತಿನ್ನುವವರು. ಅವರ ಕಣ್ಣು ಬಿದ್ದ ತುತ್ತು ವಿಷ, ಅವರು ನೋಡಿದ ಮಗು ಸೊರಗಿ ಸಾಯುತ್ತದೆ, ಕತ್ತಲಾದರೆ ಅವರು ಕತ್ತೆಕಿರುಬಗಳಾಗಿ ಗೋರಿ ಕೆದಕುತ್ತಾರೆ. ಮಣ್ಣು ಮುಟ್ಟಿ ಬದುಕುವ ಜನರ ಬಗ್ಗೆ ಊರು ಹೀಗೆ ನಂಬಿಕೊಂಡು ಎಷ್ಟೋ ತಲೆಮಾರಾಗಿದೆ. ಅವರ ಹೆಂಚಿನ ಮೇಲೆ ಬೆಂದದ್ದನ್ನು ಮಾತ್ರ ಆ ಊರು ಮೂರು ಹೊತ್ತೂ ತಿನ್ನುತ್ತದೆ, ಅದಕ್ಕೆ ಯಾವ ವಿಷವೂ ಇಲ್ಲ.

ಬಾಗಿಲು ತೆರೆಯಿತು. ಬೆಲೆತು ಹೊರಗೆ ಬಂದಳು. ಮೈಮೇಲೆ ಬಿಳಿ ಶಾಲು, ಉಗುರಿಗೆ ಕೆಂಪು ಬಣ್ಣ. ಯೆಶಿಯ ಮುಖ ಅರಳಿತು. ಬಾಯಿಗೆ ಬಂದ ಹೆಸರು ತಂಗಿಯ ಕಣ್ಣನ್ನು ನೋಡಿ ಅಲ್ಲೇ ನಿಂತಿತು.

"ಓ, ಹೆಂಚಿನೋಳಾ?" ಎಂದಳು ಬೆಲೆತು. "ನಾನೇ ತಂದ್ಕೊಡು ಅಂದಿದ್ದೆ ಕಣಕ್ಕ," ಎಂದು ಎದುರುಮನೆಯವಳಿಗೆ ಹೇಳಿ, ಅಕ್ಕನ ಕಡೆ ತಿರುಗಿದಳು. "ಅಲ್ಲೇ ಇಳಿಸು. ಒಳಗೆ ಬರಬೇಡ."

ಯೆಶಿ ಗಂಟು ಬಿಚ್ಚಿ ಹೆಂಚನ್ನು ಮೆಟ್ಟಿಲ ಮೇಲಿಟ್ಟಳು. ಎದುರುಮನೆಯವಳು ದೂರದಿಂದಲೇ ಪೊರಕೆಯ ಹಿಡಿಯಿಂದ ಅದನ್ನು ಕುಟ್ಟಿ ನೋಡಿದಳು. ಗಂಟೆಯಂತೆ ನಾದ ಬಂತು.

"ಗಟ್ಟಿ ಐತೆ. ಆದ್ರೂ ಕೇಳಿದಷ್ಟು ಕೊಡಬೇಡಮ್ಮ, ಬೇವರ್ಸಿ ಜನ ಇವು. ಉಪ್ಪಿನ ನೀರಲ್ಲಿ ತೊಳ್ಕೊಂಡು ಒಳಗೆ ತಗೋ."

ಬೆಲೆತು ಒಳಗೆ ಹೋಗಿ ನೋಟು ತಂದು ಮೆಟ್ಟಿಲ ಮೇಲೆ ಹಾಕಿದಳು. ಎದುರುಮನೆಯವಳು ಅವಳನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ಬೆಲೆತುವಿನ ಕತ್ತು ತಾನಾಗಿಯೇ ತಿರುಗಿತು. ಅಕ್ಕನ ಕಾಲಿನ ಪಕ್ಕಕ್ಕೆ ಅವಳೂ ಉಗಿದಳು. ತ್ಥೂ, ತ್ಥೂ, ತ್ಥೂ.

ಒಂದೇ ಚಾಪೆಯಲ್ಲಿ ಮಲಗಿ ಬೆಳೆದ ತಂಗಿ. ತಾಯಿ ಸತ್ತ ಮೇಲೆ ಬೆನ್ನಿಗೆ ಕಟ್ಟಿಕೊಂಡು ಮಣ್ಣು ಅಗೆಯಲು ಹೋಗುತ್ತಿದ್ದ ತಂಗಿ. ಯೆಶಿ ಬಗ್ಗಿ ನೋಟು ಎತ್ತಿಕೊಂಡಳು. ಎತ್ತಿಕೊಳ್ಳದಿದ್ದರೆ ತಂಗಿಯ ಗುಟ್ಟು ರಟ್ಟಾಗುತ್ತಿತ್ತು.

ಕೆಳಗೆ ಕಸದ ತೊಟ್ಟಿಯ ಮರೆಯಲ್ಲಿ ಬೆಲೆತು ಓಡಿಬಂದು ಅವಳ ಕೈ ಹಿಡಿದುಕೊಂಡಳು.

"ಬೈಬೇಡ ಕಣಕ್ಕಾ. ನಾನು ತರಕಾರಿ ಮಾರೋಳು ಅಂತ ಹೇಳ್ಕೊಂಡಿದೀನಿ ಇಲ್ಲಿ. ಹಿಂದ್ಗಡೆ ಕಟ್ಟಡದಾಗೆ ನಮ್ಮೋಳೊಬ್ಳು ಇದ್ಲು. ಯಾರದೋ ಮಗೂಗೆ ಜ್ವರ ಬಂತು. ನೀನೇ ತಿಂದೆ ಅಂತ ಎಳ್ಕೊಂಡೋಗಿ ಸೆರಗು ಹರಿದು, ಅದನ್ನ ಸುಟ್ಟು ಮಗೂಗೆ ಹೊಗೆ ಹಾಕಿದ್ರು. ಹೊಡೆದ ಹೊಡೆತಕ್ಕೆ ಅವಳ ಬಾಯಾಗೆ ಹಲ್ಲಿಲ್ಲ ಈಗ."

"ಆ ಮಗು?"

"ಅದಕ್ಕೆ ಮಲೇರಿಯಾ. ಆಸ್ಪತ್ರೆ ಸೂಜಿ ಚುಚ್ಚಿದ್ಮೇಲೆ ಎದ್ದು ಕೂತ್ಕೊಂತು." ಬೆಲೆತು ಮೂಗು ಒರೆಸಿಕೊಂಡಳು. "ಸರ್ಕಾರದೋರ ಲೆಕ್ಕದಾಗೆ ನಿಂಗೂ ಇಲ್ಲೇ ಮನೆ ಬಂದೈತಲ್ಲ, ಬಂದ್ಬಿಡು. ಮಣ್ಣು ಬಿಟ್ಬಿಡು, ಯಾರಿಗೂ ಗೊತ್ತಾಗಾಕಿಲ್ಲ. ಆದ್ರೆ ಒಂದು ಮಾತು... ಇಲ್ಲಿ ನನ್ನ ತಂಗಿ ಅಂತ ಕರೀಬೇಡ."

ಯೆಶಿ ಅವಳ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಅದೇ ನೋಟನ್ನು ಅವಳ ಮುಷ್ಟಿಯಲ್ಲಿಟ್ಟು, ಬಸ್ಸಿನ ಕಡೆ ನಡೆದಳು.

*

ತಪ್ಪಲಿನ ತನ್ನ ಮನೆಯನ್ನು ಅರಮನೆ ಎನ್ನಲು ಯೆಶಿಗೇನೂ ಹುಚ್ಚು ಹಿಡಿದಿರಲಿಲ್ಲ. ತಗಡಿನ ಮಾಡು ಸೋರುತ್ತದೆ. ಕೇರಿಗೆಲ್ಲ ಒಂದೇ ಕಕ್ಕಸು, ಅದಕ್ಕೊಂದು ಗೋಣಿತಾಟಿನ ಪರದೆ. ಗೋಡೆಯ ಮಣ್ಣು ಬಿದ್ದ ಕಡೆಯೆಲ್ಲ ಅವಳೇ ಮೆತ್ತಿದ್ದಾಳೆ. ಆದರೆ ಮನೆಯ ಹಿಂದೆ ಬೆಟ್ಟದ ಮಣ್ಣಿದೆ, ಮುಂದೆ ಆವಿಗೆ ಹಾಕುವ ಬಯಲಿದೆ. ಅಲ್ಲಿ ಕೇರಿಯ ಹೆಂಗಸರೆಲ್ಲ ಮಡಕೆ, ಹೆಂಚು, ಕಾಫಿ ಕುದಿಸುವ ಜೆಬೆನ ಹೂಜಿಗಳನ್ನು ಒಟ್ಟಿ, ನೀಲಗಿರಿ ಸೊಪ್ಪು, ಬೆರಣಿ ಹೊದಿಸಿ ಬೆಂಕಿ ಕೊಡುತ್ತಾರೆ. ಈಗ ಆ ಬಯಲು, ಕೇರಿ ಎರಡರ ಮೇಲೂ ರಸ್ತೆ ಬರುತ್ತದಂತೆ. ಅದಕ್ಕೇ ಕೇರಿಯವರಿಗೆ ಈ ಅಗ್ಗದ ಮಹಡಿಮನೆಯ ಉಪಕಾರ.

ಮಗಳು ಮಿಹ್ರೆತ್ ಬಾಗಿಲಲ್ಲಿ ಕೂತು ನಿಂಬೆಹೋಳಿನಿಂದ ಬೆರಳುಗಳನ್ನು ತಿಕ್ಕುತ್ತಿದ್ದಳು. ಮಣ್ಣು ಮುಟ್ಟಿದ ದಿನ ಚರ್ಮ ಕೆಂಪಾಗುವವರೆಗೂ ತಿಕ್ಕುತ್ತಾಳೆ. ಮಾರನೆಯ ದಿನ ಶಾಲೆಯಲ್ಲಿ ಉಗುರ ಸಂದಿನಲ್ಲಿ ಏನೂ ಕಾಣಬಾರದು.

"ನೋಡ್ಕೊಂಡು ಬಂದಾ?"

"ಬಂದೆ. ನಮಗದು ಬೇಡ."

ಹುಡುಗಿ ನಿಂಬೆಹೋಳನ್ನು ಎಸೆದಳು. "ಯಾಕೆ ಬೇಡ? ಅಲ್ಲಿ ಮನೆ ಒಳಗೇ ನಲ್ಲಿ ಐತೆ. ಕಕ್ಕಸಿಗೆ ಬಾಗಿಲು ಐತೆ, ಚಿಲಕ ಐತೆ! ಇಲ್ಲಿ ನಾನು ಕೂತಿದ್ರೆ ಯಾವನಾದ್ರೂ ಪರದೆ ಎತ್ತಿ ನೋಡಿ ನಗ್ತಾನೆ. ಅದು ಬೇಕಾ ನಿಂಗೆ?"

"ನಿನ್ ಚಿಕ್ಕವ್ವ ನನ್ ಕಾಲ ಹತ್ರ ಉಗಿದ್ಲು ಕಣೇ."

"ಉಗೀಲಿ! ಇಲ್ಲಿ ಉಗಿಯಾಕಿಲ್ವಾ? ಶಾಲೇಲಿ ನನ್ ಪಕ್ಕ ಕೂತು ಒಬ್ರೂ ಬುತ್ತಿ ಬಿಚ್ಚಾಕಿಲ್ಲ ಗೊತ್ತಾ? ನಾನು ಗೋಡೆ ಕಡೆ ತಿರುಗಿ ಉಣ್ತೀನಿ. ಅಲ್ಲಿಗೆ ಹೋದ್ರೆ ಹೊಸ ಶಾಲೆ. ನಾನ್ಯಾರು ಅಂತ ಯಾರಿಗೂ ಗೊತ್ತಿರಾಕಿಲ್ಲ. ಚಿಕ್ಕವ್ವ ಉಗಿದ್ರೆ ನೀನೇನು ಸಾಯ್ತೀಯಾ?"

ಯೆಶಿ ಅವಳ ಕೈಯನ್ನು ಎಳೆದು ಹಿಡಿದಳು. ಮಗಳ ಬೆರಳ ತುದಿಯಲ್ಲಿ ಚರ್ಮ ಸುಲಿದು ಹೋಗಿತ್ತು. ತನ್ನ ಮಾನ ತನಗೆ ದೊಡ್ಡದು, ನಿಜ. ಆದರೆ ಗೋಡೆ ಕಡೆ ತಿರುಗಿ ಉಣ್ಣುವ ಮಗುವಿನ ಮುಂದೆ ಅದೆಷ್ಟು ದೊಡ್ಡದು?

"ಆಯ್ತು," ಎಂದಳು. "ನಾಳೆ ಮನೆ ಹಂಚೋ ಸಾಹೇಬ ಬಂದ್ರೆ ಬೀಗದ ಕೈ ತಗೋತೀನಿ. ನೀನು ಕಾಫಿ ಮಾಡು. ಬರಿಬಾಯಲ್ಲಿ ಕಳಿಸೋದು ಬೇಡ."

*

ಮಿಹ್ರೆತ್ ಬೆಳಿಗ್ಗೆಯೇ ಎದ್ದು ನೆಲ ಸಾರಿಸಿ, ಕಾಫಿಗೆ ಬರುವ ಅತಿಥಿಗೆಂದು ಹಸಿರು ಹುಲ್ಲು ಹರಡಿ, ಒಗೆದ ಲಂಗ ಉಟ್ಟಳು. ಕೇರಿಯಲ್ಲೇ ಸುಟ್ಟ ಹೊಸ ಜೆಬೆನ ತೆಗೆದಳು. ಬಟ್ಟಲನ್ನು ಮೂರು ಸಲ ತೊಳೆದು ಬಿಸಿಲಿಗೆ ಹಿಡಿದು ನೋಡಿದಳು.

ಮನೆ ಹಂಚುವ ಕಚೇರಿಯ ದೆಜೆನೆ ಸಾಹೇಬ ಒಳ್ಳೆಯ ಕೋಟು ಹಾಕಿಕೊಂಡು ಬಂದ. ಬೈಗುಳದ ಮನುಷ್ಯನಲ್ಲ. ನಗುನಗುತ್ತಲೇ ಮಾತಾಡುವವನು. ಸ್ಟೂಲಿನ ಮೇಲೆ ತನ್ನ ಕರವಸ್ತ್ರ ಹಾಸಿ ಕೂತ.

"ನೋಡಮ್ಮ, ಪುಣ್ಯ ಮಾಡಿದೀಯ. ಮೂರನೇ ಮಹಡಿ, ಗಾಳಿ ಬೆಳಕು ಎಲ್ಲಾ ಇದೆ. ತಿಂಗಳಿಗೆ ಇಷ್ಟಿಷ್ಟೇ ಕಟ್ಟಿದ್ರೆ ಆಯ್ತು. ಈ ಬುಡಾ ಗಿಡಾ ಅನ್ನೋದೆಲ್ಲ ಹಳೇ ಕಾಲದ ಮಾತು. ಈಗ ಎಲ್ಲರೂ ಒಂದೇ. ನಿನ್ನ ಮಗಳೂ ನನ್ನ ಮಗಳೂ ಒಂದೇ ಮೆಟ್ಟಿಲು ಹತ್ತಬಹುದು."

ಬೀಗದ ಕೈ ತೆಗೆದು ಬೆರಳಲ್ಲಿ ಆಡಿಸಿದ. ಮಿಹ್ರೆತ್‌ಳ ಕಣ್ಣು ಅದರ ಜೊತೆಗೇ ಆಡಿತು.

ಕಾಫಿ ಕುದಿಯಿತು. ಕಾಳು ಹುರಿದ ಕಂಪು, ಧೂಪದ ಹೊಗೆ ಕೋಣೆ ತುಂಬಿದವು. ಹುಡುಗಿ ಒಂದು ತೊಟ್ಟೂ ಚೆಲ್ಲದಂತೆ ಎತ್ತರದಿಂದ ಹೊಯ್ದು, ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಅವನ ಮುಂದೆ ಬಗ್ಗಿದಳು. ಈ ಊರಲ್ಲಿ ಹುರಿದು ಕುದಿಸಿ ಕೊಟ್ಟ ಕಾಫಿಯನ್ನು ಬೇಡ ಎನ್ನುವವರಿಲ್ಲ. ಹಗೆಯ ಮನೆಯಲ್ಲೂ ಒಂದು ಗುಟುಕು ಕುಡಿದೇ ಏಳುತ್ತಾರೆ.

"ಬೇಡ ಮಗಳೇ," ಎಂದ ದೆಜೆನೆ ನಗುತ್ತಲೇ. "ಇವತ್ತು ನಂಗೆ ಉಪವಾಸ."

ಮಿಹ್ರೆತ್ ಬಗ್ಗಿದವಳು ಬಗ್ಗಿದಂತೆಯೇ ಇದ್ದಳು.

ಯೆಶಿ ಕೇಳಿದಳು, "ಯಾವ ಉಪವಾಸ ಸಾಮಿ?"

"ಅದೇ... ನಮ್ಮ ಚರ್ಚಿನ ಉಪವಾಸ."

"ಈಸ್ಟರ್ ಹಬ್ಬ ಮೊನ್ನೆ ಮೊನ್ನೆ ಕಳೀತು. ಅದಾಗಿ ಐವತ್ತು ದಿನ ಉಪವಾಸ ಮಾಡಂಗಿಲ್ಲ. ಮಾಡಿದ್ರೆ ಪಾಪ. ನಿಮ್ ಪಾದ್ರಿನೇ ಶುಕ್ರವಾರ್ದ ಉಪವಾಸಾನೂ ಬಿಟ್ಟು ಮಾಂಸ ತಿಂತಾ ಅವನೆ. ನಾವೂ ಅದೇ ಚರ್ಚಿನೋರೇ ಸಾಮಿ. ಗೇಟಿನ ಹೊರಗೆ ನಿಂತ್ಕೊಂಡಾದ್ರೂ ಎಲ್ಲಾ ಕೇಳುಸ್ಕೊಂಡಿದೀವಿ."

ದೆಜೆನೆಯ ನಗು ಸ್ವಲ್ಪ ಇಳಿಯಿತು. "ಡಾಕ್ಟರು ಕಾಫಿ ಬೇಡ ಅಂದಿದಾರೆ. ರಕ್ತದೊತ್ತಡ."

"ಮಿಹ್ರೆತ್, ಸಾಹೇಬ್ರಿಗೆ ನೀರು ಕೊಡು."

ಹುಡುಗಿ ಕಾಫಿ ಚೆಲ್ಲಿ, ಬಟ್ಟಲನ್ನು ನಾಲ್ಕನೇ ಸಲ ತೊಳೆದು, ನೀರು ತುಂಬಿ ತಂದಳು. ದೆಜೆನೆ ನೀರನ್ನು ನೋಡಿದ. ನಿಂಬೆಯಲ್ಲಿ ತಿಕ್ಕಿ ಸುಲಿದ ಬೆರಳುಗಳನ್ನು ನೋಡಿದ. ಆಮೇಲೆ ಬಾಗಿಲ ಕಡೆ ನೋಡಿದ.

"ಕುಡೀರಿ," ಎಂದಳು ಯೆಶಿ. "ಒಂದು ಗುಟುಕು. ನೀರಿಗೆ ಯಾವ ಡಾಕ್ಟರೂ ಬೇಡ ಅನ್ನಾಕಿಲ್ಲ. ನೀವು ಕುಡೀರಿ, ಈಗಿಂದೀಗಲೇ ಮನೆ ಖಾಲಿ ಮಾಡ್ಕೊಂಡು ಬತ್ತೀವಿ."

ಅವನು ಎದ್ದ. "ನಂಗೆ ಬೇರೆ ಕೆಲಸ ಇದೆ. ಕೀ ತಗೋತೀಯೋ ಇಲ್ವೋ?"

"ಇಲ್ಲ."

"ಏನು ಕಾರಣ ಅಂತ ಬರ್ಕೊಳ್ಳಲಿ?"

"ಮೂರನೇ ಮಹಡೀಲಿ ಆವಿಗೆ ಹಾಕಾಕೆ ಆಗಾಕಿಲ್ಲ, ಅಂಗೆ ಬರ್ಕೊಳ್ಳಿ. ಮಣ್ಣು ಹೊತ್ತು ಮೆಟ್ಲು ಹತ್ತಾಕೆ ಆಗಾಕಿಲ್ಲ ಅಂತ ಬರ್ಕೊಳ್ಳಿ. ಇಷ್ಟು ಬರೆದು ಜಾಗ ಮಿಕ್ಕಿದ್ರೆ, ಮನೆ ಕೊಡಾಕೆ ಬಂದ ಸಾಹೇಬ ನನ್ ಮಗಳ ಕೈಯಿಂದ ನೀರು ಕುಡೀಲಿಲ್ಲ ಅಂತ್ಲೂ ಬರ್ಕೊಳ್ಳಿ. ಕೊಟ್ಟೋನೇ ಹಿಂಗಾದ್ರೆ ಪಕ್ಕದ ಮನೆಯೋರು ಬಿಡ್ತಾರಾ? ನಾವು ಅಲ್ಲಿ ಸಾಯೋಗಂಟ ಬಚ್ಚಿಟ್ಕೊಂಡಿರ್ಬೇಕು. ನನ್ ಒಡಹುಟ್ಟಿದೋಳು ಇದಾಳಲ್ಲ, ಅಂಗೆ."

ಅವನ ಮುಖ ಕಪ್ಪಿಟ್ಟಿತು. ನಗು ಎಲ್ಲಿಗೋ ಹೋಗಿ, ಅಜ್ಜನ ಕಾಲದ ನಾಲಿಗೆ ಹೊರಗೆ ಬಂತು.

"ಬುಡಾ ಮುಂಡೆಗಳಾ! ನಾಯಿಗೆ ಸಿಂಹಾಸನ ಕೊಟ್ರೆ ಕೂತ್ಕೊಳ್ಳುತ್ತಾ? ನಿಮ್ಮನ್ನ ಈ ಕೊಚ್ಚೆಯಿಂದ ಎತ್ತೋಕೆ ಬಂದ ನನ್ನ ಬುದ್ಧಿಗೆ ಎಕ್ಕಡದಲ್ಲಿ ಹೊಡ್ಕೋಬೇಕು. ನಾಳೆ ಬೆಳಿಗ್ಗೆ ಮನೆ ಕೆಡವೋ ಯಂತ್ರ ಬರುತ್ತೆ. ಬೀದಿಗೆ ಬಿದ್ದು ಸಾಯಿರಿ!"

ಸಿಟ್ಟಿನಲ್ಲಿ ಬೀಗದ ಕೈ ಕೈಜಾರಿ ಹುಲ್ಲಿನ ಮೇಲೆ ಬಿತ್ತು. ಯೆಶಿ ಎತ್ತಿ ಚಾಚಿದಳು. ಅವನು ಕೈ ಹಿಂದಕ್ಕೆ ಎಳೆದುಕೊಂಡ. ಅವಳ ಅಂಗೈ ತಗುಲಿದ ಕಬ್ಬಿಣವನ್ನೂ ಅವನು ಮುಟ್ಟಲಾರ.

"ಅಲ್ಲೇ ಇಡು. ನಾಳೆ ಆಳು ಬಂದು ತಗೋತಾನೆ," ಎಂದು ಕರವಸ್ತ್ರವನ್ನೂ ಬಿಟ್ಟು ಹೊರಟುಹೋದ.

ಮಿಹ್ರೆತ್ ಬಟ್ಟಲು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ಅದರಲ್ಲಿದ್ದ ನೀರನ್ನು ತಾನೇ ಗಟಗಟ ಕುಡಿದಳು.

*

ಹೊತ್ತು ಮೂಡುವ ಮೊದಲೇ ಯೆಶಿ ಬಯಲಿನಲ್ಲಿ ಆವಿಗೆ ಒಟ್ಟಲು ಶುರು ಮಾಡಿದ್ದಳು. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಹಸಿ ಪಾತ್ರೆಗಳನ್ನು ಹೊತ್ತು ಬಂದರು. ಯಾರೂ ಕರೆದಿರಲಿಲ್ಲ. ಎಲ್ಲರ ಮನೆ ಮೇಲೂ ಕೆಡವುವುದಕ್ಕೆಂದು ಕಚೇರಿಯವರು ಬಳಿದ ಒಂದೇ ಕೆಂಪು ಗುರುತು ಇತ್ತು. ಶಾಲೆಯ ಉಡುಪು ತೊಟ್ಟ ಮಿಹ್ರೆತ್ ತೋಳು ಮಡಚಿ ಮಣ್ಣು ಕಲಸಿ, ಬೆರಣಿಯ ಸಂದುಗಳಿಗೆ ಮೆತ್ತಿದಳು. ಶಾಲೆಯ ದಿನ ಎಷ್ಟು ಹೇಳಿದರೂ ಬಾರದಿದ್ದ ಹುಡುಗಿ.

ಯಂತ್ರ ಬರುವ ಹೊತ್ತಿಗೆ ಬೆಂಕಿ ಹಿಡಿದಿತ್ತು. ದೆಜೆನೆ ಹಿಂದೆ ಜೀಪಿನಲ್ಲಿ ಬಂದ.

"ಕೀ ಎಲ್ಲಿ?"

ಯೆಶಿ ಆವಿಗೆಯ ಕಡೆ ಗದ್ದ ತೋರಿಸಿದಳು. "ಬೇಯ್ತಾ ಐತೆ. ಆರಿದ ಮೇಲೆ ಬಂದು ತಗೋ. ಬೆಂಕಿಗೆ ಹಾಕಿದ್ರೆ ಮೈಲಿಗೆ ಹೋಗ್ತೈತಂತಲ್ಲ, ಆಗ ಮುಟ್ಟಬಹುದು ನೀನು."

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ದೆಜೆನೆ ಯಂತ್ರದವನಿಗೆ ಕೈ ಬೀಸಿದ. ಯಂತ್ರದವನು ಎಲ್ಲೋ ದಕ್ಷಿಣದ ಹಳ್ಳಿಯಿಂದ ಕೂಲಿಗೆ ಬಂದವನು, ಹರಕು ಸ್ವೆಟರಿನೊಳಗೆ ಚಳಿಗೆ ನಡುಗುತ್ತಿದ್ದ. ಮಿಹ್ರೆತ್ ಜೆಬೆನದಿಂದ ಕಾಫಿ ಹೊಯ್ದು, ಮಣ್ಣು ಮೆತ್ತಿದ ಕೈಯಲ್ಲೇ ನಿನ್ನೆಯ ಆ ಬಟ್ಟಲನ್ನು ಅವನಿಗೆ ಚಾಚಿದಳು. ಎಲ್ಲರೂ ನೋಡುತ್ತಿದ್ದರು. ಅವನು ಸಾಹೇಬನನ್ನು ನೋಡಿದ, ಹುಡುಗಿಯನ್ನು ನೋಡಿದ. ಕೆಳಗಿಳಿದು ಬಂದು ಬಟ್ಟಲು ತೆಗೆದುಕೊಂಡ. ಊದಿ ಊದಿ, ತಳದ ಚರಟದವರೆಗೂ ಕುಡಿದ.

"ಚೆನ್ನಾಗೈತೆ ಕಣವ್ವ," ಎಂದು ಬಟ್ಟಲು ಹಿಂದಕ್ಕೆ ಕೊಟ್ಟ. ಯೆಶಿಯ ಕಡೆ ತಿರುಗಿ, ಮುಖ ನೋಡಲಾರದೆ ಹೇಳಿದ, "ಅಕ್ಕಾ, ನಂಗೂ ಮಕ್ಕಳವ್ರೆ."

ಹತ್ತಿ ಕೂತು ಯಂತ್ರ ಶುರು ಮಾಡಿದ.

ಯೆಶಿ ತಾನೇ ಮೆತ್ತಿ ಮೆತ್ತಿ ನಿಲ್ಲಿಸಿದ್ದ ಗೋಡೆ ಒಂದೇ ಏಟಿಗೆ ಕುಸಿಯಿತು. ತಗಡು ಕಿರುಚಿತು. ಧೂಳು ಎದ್ದು ಆವಿಗೆಯ ಹೊಗೆಗೆ ಸೇರಿತು. ಹೆಂಗಸರು ಎದೆ ಬಡಿದುಕೊಂಡು ಅಳತೊಡಗಿದರು. ಯೆಶಿ ತಿರುಗಿ ನೋಡಲಿಲ್ಲ. ಅರ್ಧ ಬೆಂದ ಆವಿಗೆಯನ್ನು ಬಿಟ್ಟರೆ ಎಲ್ಲರ ಪಾತ್ರೆಯೂ ಸೀಳುತ್ತದೆ. ಅವಳು ಬಗ್ಗಿ ಇನ್ನೊಂದು ಬೆರಣಿ ಇಟ್ಟಳು. ಹೊಗೆಗೋ ಏನೋ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಮಿಹ್ರೆತ್ ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡಳು. ಬಾನಿಯಲ್ಲಿ ನೀರಿತ್ತು, ಪಕ್ಕದಲ್ಲಿ ನಿಂಬೆಹೋಳೂ ಇತ್ತು. ಅವಳು ಕೈ ತೊಳೆಯಲಿಲ್ಲ. ಮೊಣಕೈವರೆಗೂ ಹತ್ತಿದ್ದ ಕೆಂಪು ಮಣ್ಣು ಒಣಗಿ ಬಿರಿಯುತ್ತಿತ್ತು.

"ಅವ್ವಾ, ಸಾಯಂಕಾಲ ಎಲ್ಲಿಗೆ ಬರ್ಲಿ?"

ಯೆಶಿ ಬಿದ್ದ ಮನೆಯನ್ನು ಆಗ ನೋಡಿದಳು. ಬಯಲನ್ನು ನೋಡಿದಳು, ಬೆಟ್ಟವನ್ನು ನೋಡಿದಳು.

"ಹೊಗೆ ಎಲ್ಲಿ ಕಾಣ್ತದೋ ಅಲ್ಲಿಗೆ ಬಾ," ಎಂದಳು.