ಇನ್ನೂ ಬಿಡಿಸದ ಬಲೆ

ರಘುನಾಥ ಮಾಡಿದ ತಪ್ಪು ಒಂದೇ: ವಿಷಯವನ್ನು ಸೋದರಮಾವ ಲಕ್ಕಣ್ಣನಿಗೆ ಹೇಳಿದ್ದು.

ನೇತ್ರಾಣಿ ದ್ವೀಪದ ಬಳಿ ಅವನು ಸಮುದ್ರಕ್ಕಿಳಿದಿದ್ದಾಗ ತಾಯಿ ಡಾಲ್ಫಿನ್ನೊಂದು ತನ್ನ ಮರಿಯನ್ನು ಎದುರಿಗೇ ತಂದು ನಿಲ್ಲಿಸಿತ್ತು. ಮರಿಯ ಬಾಲಕ್ಕೆ ಹರಿದ ಬಲೆ ಸುತ್ತಿ ಮಾಂಸದೊಳಗೆ ಇಳಿದಿತ್ತು. ಒಂದು ಎಳೆ ಕತ್ತರಿಸುವಷ್ಟರಲ್ಲಿ ಮರಿ ಒದ್ದಾಡಿತು, ಸಿಲಿಂಡರಿನ ಗಾಳಿ ಮುಗಿಯುತ್ತ ಬಂತು. ಹಿಡಿಯಲು ಇನ್ನೊಬ್ಬರು ಬೇಕೇ ಬೇಕು. ಜೊತೆಯಲ್ಲಿ ಡೈವಿಂಗ್ ಕಲಿತಿದ್ದ ಪಶುವೈದ್ಯೆ ಶಿಲ್ಪಳನ್ನು ಕರೆದೊಯ್ಯಲು ಅವನು ಬೆಂಗಳೂರಿಗೆ ಬಂದಿದ್ದ.

"ನಾಳೆ ಭಾನುವಾರ ಇರಲ್ಲ ಮಾವ, ಡಾಲ್ಫಿನ್ ಬಿಡಿಸೋಕೆ ಹೋಗ್ತಿದೀನಿ" ಎಂದ, ಅಷ್ಟೆ. ನಗರದ ಅಮೃತಹಳ್ಳಿಯ ಕನ್ನಡ ಸಂಘದ ಅಧ್ಯಕ್ಷ ಲಕ್ಕಣ್ಣನಿಗೆ ಆ ಭಾನುವಾರದ ರಾಜ್ಯೋತ್ಸವಕ್ಕೆ ಸನ್ಮಾನಿತರೊಬ್ಬರು ಕಡಿಮೆ ಬಿದ್ದಿದ್ದರು. ಬೆಳಗಾಗುವುದರೊಳಗೆ ಸರ್ಕಲ್ಲಿನಲ್ಲಿ ಇಪ್ಪತ್ತಡಿ ಫ್ಲೆಕ್ಸು: 'ಕಡಲ ಕಂದನ ಪ್ರಾಣ ಉಳಿಸಿದ ನಮ್ಮೂರ ಹುಲಿ'. ರಘುನಾಥನ ಪಕ್ಕ ಒಂದು ತಿಮಿಂಗಿಲ. ಅದಕ್ಕಿಂತ ದೊಡ್ಡದಾಗಿ ಲಕ್ಕಣ್ಣ.

"ಇನ್ನೂ ಬಿಡ್ಸೇ ಇಲ್ಲ ಮಾವ!"

"ಬಿಡ್ಸು, ಯಾರ್ ಬ್ಯಾಡ ಅಂದೋರು? ಸನ್ಮಾನ ಮುಗಿಸ್ಕಂಡ್ ಓಗು. ನೀರಾಗ್ ಇರೋದು ಎಲ್ಲೋಯ್ತದೆ?"

"ಬಲೆ ಬಿಗೀತಿದೆ. ಈಜೋಕಾಗ್ದೆ ಮುಳುಗಿ ಸಾಯುತ್ತೆ."

"ಮೀನು ಮುಳುಗ್ತದಾ? ಓದಿದೋನಂತೆ ಇವ್ನು!" ಸಂಘದವರೆಲ್ಲ ನಕ್ಕರು. ಡಾಲ್ಫಿನ್ ಮೀನಲ್ಲ, ಉಸಿರಿಗೆ ಅದು ಮೇಲೆ ಬರಲೇಬೇಕು ಎಂದು ವಿವರಿಸಲು ಹೋದವನ ಬಾಯಿಗೆ ಯಾರೋ ಲಾಡು ತುರುಕಿದರು; ಮಾವ ತೋಳು ಹಿಡಿದು ವೇದಿಕೆಗೆ ಎಳೆದೊಯ್ದ.

ಹತ್ತು ಗಂಟೆಯ ಸಭೆಗೆ ಮುಖ್ಯ ಅತಿಥಿ ಒಂದೂವರೆಗೆ ಬಂದರು. ಅಷ್ಟು ಹೊತ್ತೂ ರಘುನಾಥ ಕಿವಿಯವರೆಗೆ ಜಾರಿದ ಪೇಟ ತೊಟ್ಟು ವೇದಿಕೆಯಲ್ಲಿ ಕೂತಿದ್ದ. ಅಂದು ನೀರಿನಡಿಯಲ್ಲಿ ತನ್ನ ಉಸಿರಿನ ಹೊರತು ಬೇರೆ ಸದ್ದಿರಲಿಲ್ಲ. ಆ ಮೌನದಲ್ಲಿ ತಾಯಿ ಡಾಲ್ಫಿನ್ ಕೇಳಿದ್ದು ಅವನಿಗೆ ಸ್ಪಷ್ಟವಾಗಿ ಅರ್ಥವಾಗಿತ್ತು. ಇಲ್ಲಿ ಆರು ಸ್ಪೀಕರುಗಳಿದ್ದೂ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಪೆಂಡಾಲಿನ ಹಿಂದೆ ಶಿಲ್ಪ ಕಾರಿಗೆ ಒರಗಿ ಕೈಗಡಿಯಾರ ಎತ್ತಿ ತೋರಿಸುತ್ತಿದ್ದಳು.

ಮೈಕು ಕೈಗೆ ಬಂತು.

"ನಾನು ಯಾರ ಪ್ರಾಣಾನೂ ಉಳಿಸಿಲ್ಲ. ಮರಿ ಇನ್ನೂ ಬಲೆಯಲ್ಲಿದೆ. ಈಗ್ಲೇ ಹೋಗ್ಬೇಕು."

ಚಪ್ಪಾಳೆಯೋ ಚಪ್ಪಾಳೆ. "ಎಂಥಾ ವಿನಯ!" ಎಂದು ನಿರೂಪಕಿ ಕಣ್ಣೊರೆಸಿಕೊಂಡಳು.

ಪೇಟ ಕುರ್ಚಿಯ ಮೇಲಿಟ್ಟು ಅವನು ಇಳಿದು ಬಂದ. ಶಿಲ್ಪಳ ಕಾರಿನ ಮುಂದೆ ಅತಿಥಿಗಳ ನಾಲ್ಕು ಕಾರು ಅಡ್ಡ ನಿಂತಿದ್ದವು.

"ತೆಗೆಸಿ ಸರ್, ಅರ್ಜೆಂಟ್" ಎಂದ ಅಲ್ಲಿ ನಿಂತಿದ್ದ ಪೊಲೀಸಿನವನಿಗೆ.

"ಸಾಹೇಬ್ರ ಭಾಷಣ ಮುಗೀಲಿ ಸಾರ್. ಡಾಲ್ಫಿನ್ ಬಗ್ಗೇನೇ ಹೇಳ್ತಾವ್ರೆ."

ಶಿಲ್ಪ ಕಾರಿನಿಂದ ಔಷಧಿ ಪೆಟ್ಟಿಗೆ ಹೊರಗೆಳೆದಳು. "ಬಸ್ಸಲ್ಲೇ ಹೋಗೋಣ, ಬಾರೋ."

ಇಬ್ಬರೂ ಬಳ್ಳಾರಿ ರಸ್ತೆಯ ಕಡೆಗೆ ಓಡಿದರು. ಅವನು ಮರಿಯನ್ನು ಹೇಗೆ ಉಳಿಸಿದ ಎಂಬುದನ್ನು ಸ್ಪೀಕರುಗಳು ಬಹಳ ದೂರದವರೆಗೆ ಅವನಿಗೇ ವಿವರಿಸುತ್ತ ಬಂದವು.