ಕಸ್ತೂರಿಯ ಹೆಸರಿನ ಡಬ್ಬಿ

ಆ ಬೆಳಿಗ್ಗೆ ಭೀಮಕ್ಕ ಮಗಳಿಗಿಂತ ಮುಂಚೆ ಎದ್ದಳು. ಗೂಡಿನಲ್ಲಿದ್ದ ಪುಟ್ಟ ಡಬ್ಬಿಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹಿತ್ತಲಿಗೆ ಹೋಗಿ, ಬಚ್ಚಲ ಗೋಡೆಯ ಹಿಂದೆ ಕುಳಿತು, ಎದೆ ಹಿಡಿದುಕೊಂಡು ಕೆಮ್ಮಿದಳು. ಕಫ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅದನ್ನು ಡಬ್ಬಿಗೆ ಉಗಿದು, ಮುಚ್ಚಳ ತಿರುವಿ, ಮೊದಲಿದ್ದಲ್ಲೇ ತಂದಿಟ್ಟಳು. ಡಬ್ಬಿಗೆ ಅಂಟಿಸಿದ ಚೀಟಿಯ ಮೇಲೆ ಮಗಳು ಕಸ್ತೂರಿಯ ಹೆಸರಿತ್ತು.

ಕಸ್ತೂರಿ ಕಣ್ಣುಜ್ಜಿಕೊಳ್ಳುತ್ತ ಬಂದು ಡಬ್ಬಿಯತ್ತ ಕೈ ಚಾಚಿದಳು.

"ಮುಟ್ಟಬ್ಯಾಡ. ಹೋಗು, ಸಗಣಿ ಬಾಚು," ಎಂದಳು ಭೀಮಕ್ಕ.

ಹುಡುಗಿ ಡಬ್ಬಿಯನ್ನೂ ಅವ್ವನ ಮುಖವನ್ನೂ ನೋಡಿದಳು. "ಕೆಮ್ಮು ನಂದು, ಡಬ್ಬಿ ತುಂಬಿಸಾಕೆ ನೀನಾ?"

"ಭಾನುವಾರ ನ್ಯಾಮತಿಯೋರು ನಿನ್ನ ನೋಡಾಕೆ ಬರ್ತಾರೆ. ನಿನ್ನ ಕಫದಾಗೆ ಏನಾದ್ರೂ ಬಂದ್ರೆ ಅವರು ನಮ್ಮ ಹೊಸ್ತಿಲು ದಾಟ್ತಾರೇನು? ನಂದು ಒಲೆ ಹೊಗೆಯ ಕೆಮ್ಮು. ಅದರಾಗೆ ಏನೂ ಇರಲ್ಲ."

"ಹಂಗಾದ್ರೆ ಹೆಣ್ಣು ನೋಡಾಕೆ ಬರೋರಿಗೂ ನೀನೇ ಕುಂತ್ಕ," ಎಂದು ಕಸ್ತೂರಿ ಬುಟ್ಟಿ ಎತ್ತಿಕೊಂಡು ಹೋದಳು.

ಇದೆಲ್ಲ ಶುರುವಾದದ್ದು ನರ್ಸ್ ನಿರ್ಮಲಮ್ಮನಿಂದ. ಪಕ್ಕದ ಮನೆಯ ಕೂಸಿಗೆ ಸೂಜಿ ಹಾಕಲು ಬಂದವಳು ಬೇಲಿಯಾಚೆ ಕಸ್ತೂರಿಯ ಕೆಮ್ಮು ಕೇಳಿಸಿಕೊಂಡಿದ್ದಳು. ಈ ಮನೆಯ ಯಜಮಾನ ಮಲ್ಲೇಶಪ್ಪನಿಗೆ ಎರಡು ವರ್ಷದ ಹಿಂದೆ ಟಿ.ಬಿ. ಆಗಿ ವಾಸಿಯಾದದ್ದು ಬಿಳಿಚೋಡು ಊರಿಗೆಲ್ಲ ಗೊತ್ತು. "ಬೆಳಿಗ್ಗೆ ಬಾಯಿ ಮುಕ್ಕಳಿಸೋಕೆ ಮುಂಚೆ, ಎದೆಯಿಂದ ಬಂದಿದ್ದನ್ನ ಇದರಾಗೆ ಹಾಕಿ ಕೊಡ್ರಿ. ಬರೀ ಉಗುಳು ಬ್ಯಾಡ, ಅದನ್ನ ಬಸ್ಸಿನ ಕಿಟಕಿಯಿಂದ ಎಲ್ರೂ ಪುಕ್ಕಟೆ ಕೊಡ್ತಾರೆ," ಎಂದು ನಕ್ಕು ಡಬ್ಬಿ ಕೊಟ್ಟು ಹೋಗಿದ್ದಳು.

ಡಬ್ಬಿ ಜಗಳೂರಿನ ಆಸ್ಪತ್ರೆಗೆ ಹೋದ ಮೇಲೆ ಭೀಮಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಬೀಸಿಟ್ಟ ಜೋಳದ ಹಿಟ್ಟನ್ನು ಮತ್ತೆ ಜರಡಿ ಹಿಡಿದಳು. ಬಸ್ಸಿನ ಹಾರ್ನ್ ಕೇಳಿಸಿದರೆ ಬಾಗಿಲಿಗೆ ಬರುವುದು, ಯಾರೂ ಇಳಿಯಲಿಲ್ಲವೆಂದರೆ ಒಳಗೆ ಹೋಗುವುದು. ತಾನು ಮಾಡಿದ್ದು ಮಗಳ ಒಳ್ಳೆಯದಕ್ಕೇ ಎಂದು ಒಲೆಯ ಮುಂದೆ ಅಂದುಕೊಂಡರೆ, ಬಾವಿಯ ಹತ್ತಿರ ಹೋಗುವಷ್ಟರಲ್ಲಿ ಆ ಸಮಾಧಾನ ಹಾರಿಹೋಗುತ್ತಿತ್ತು. ಹುಡುಗಿಗೆ ನಿಜವಾಗಿ ಇದ್ದರೆ? ಕಸ್ತೂರಿ ಕೆಮ್ಮಿದಾಗಲೆಲ್ಲ ಭೀಮಕ್ಕ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಿವಿ ಕೊಡುತ್ತಿದ್ದಳು. ತನ್ನ ಕೆಮ್ಮಿಗೆ ಮಾತ್ರ ಅವಳು ಕಿವಿ ಕೊಟ್ಟಿದ್ದೇ ಇಲ್ಲ.

ಶುಕ್ರವಾರ ನಿರ್ಮಲಮ್ಮ ಬಂದಳು. ಮಲ್ಲೇಶಪ್ಪ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ಅವನನ್ನು ದಾಟಿ ನೆಟ್ಟಗೆ ಅಡುಗೆಮನೆಗೇ ಬಂದು, ದನಿ ತಗ್ಗಿಸಿ, "ಭೀಮಕ್ಕ, ಕಸ್ತೂರಿ ಕಫದಾಗೆ ಟಿ.ಬಿ. ಐತೆ ಕಣ್ರಿ," ಎಂದಳು.

ಮೊದಲು ಬಂದದ್ದು ನೆಮ್ಮದಿ. ಮಗಳದ್ದಲ್ಲ ಅದು. ಆಮೇಲೆ ಹೊಳೆಯಿತು. ಹಾಗಾದರೆ ನನ್ನದು.

ಅವಳ ತಲೆ ಆ ಗಳಿಗೆಯಲ್ಲೂ ಹಾದಿ ಹುಡುಕಿತು. ಮಾತ್ರೆ ಮಗಳ ಹೆಸರಿನಲ್ಲೇ ಬರಲಿ, ಕದ್ದು ತಾನು ನುಂಗಿದರಾಯಿತು. ನ್ಯಾಮತಿಯವರ ಕಿವಿಗೆ ಬೀಳದಂತೆ ನರ್ಸಮ್ಮನ ಕಾಲು ಹಿಡಿದರಾಯಿತು.

"ಗುಳಿಗೆ ಮನ್ಯಾಗೆ ತಗೊಳ್ಳಲಿ. ಸೂಜಿ ದಿನಾ ನಾನೇ ಬಂದು ಹಾಕ್ತೀನಿ, ನಾಳೆಯಿಂದ. ಕರೀರಿ ಹುಡುಗೀನ," ಎಂದಳು ನಿರ್ಮಲಮ್ಮ.

ಸೂಜಿ. ಗಂಡನಿಗೆ ಆ ಸೂಜಿ ಹಾಕಿಸುತ್ತಿದ್ದ ದಿನಗಳು ಭೀಮಕ್ಕನಿಗೆ ನೆನಪಾದವು. ಸೊಂಟದ ಕೆಳಗೆ ಗಂಟುಗಂಟು, ಬಿಸಿ ಉಪ್ಪಿನ ಶಾಖ, ಎದ್ದು ನಿಂತರೆ ತಲೆ ತಿರುಗಿ ಗೋಡೆ ಹಿಡಿಯುತ್ತಿದ್ದದ್ದು. ಮಾತ್ರೆಯನ್ನು ಕದ್ದು ನುಂಗಬಹುದು. ಮಗಳ ಮೈಗೆ ಚುಚ್ಚುವ ಸೂಜಿಯನ್ನು ತಾನು ಹೇಗೆ ತೆಗೆದುಕೊಳ್ಳುವುದು?

ಕಸ್ತೂರಿ ಬಾಗಿಲಲ್ಲಿ ನಿಂತಿದ್ದಳು. ಹೇಳುತ್ತೀಯೋ ನಾನೇ ಹೇಳಲೋ ಎನ್ನುವ ಹಾಗಿತ್ತು ಅವಳ ನೋಟ.

"ಆ ಕಫ ನಂದು ನರ್ಸಮ್ಮ," ಎಂದಳು ಭೀಮಕ್ಕ.

ಜಗಲಿಯ ಮೇಲೆ ಹಗ್ಗ ಹೊಸೆಯುವ ಸದ್ದು ನಿಂತಿತು. ಮಲ್ಲೇಶಪ್ಪ ಒಳಗೆ ಬಂದ. ಎಲ್ಲ ಕೇಳಿಸಿಕೊಂಡು, "ನಿನಗೆಲ್ಲಿಯ ಕೆಮ್ಮು? ನನ್ನ ಕಿವಿಗೆ ಬಿದ್ದೇ ಇಲ್ಲ," ಎಂದ.

"ದೀಪಾವಳಿಯಿಂದ ಕೆಮ್ಮತಾಳೆ ಅಪ್ಪ. ನೀನು ಮಲಗೋದು ಅವಳ ಮಗ್ಗುಲಿಗೇ," ಎಂದಳು ಕಸ್ತೂರಿ.

ನಿರ್ಮಲಮ್ಮ ಅವನತ್ತ ತಿರುಗಿದಳು. "ನಿಮಗೆ ಕಾಯಿಲೆ ಆದಾಗ ಮನೆಯವರನ್ನೆಲ್ಲ ತೋರಿಸ್ರಿ ಅಂತ ಡಾಕ್ಟ್ರು ಅಂದಿದ್ರಲ್ಲ, ಯಾರನ್ನ ಕರ್ಕೊಂಡು ಹೋಗಿದ್ರಿ?"

"ನಮ್ಮ ಬೆನಕಪ್ಪನ್ನ."

"ಮಗ ಒಬ್ಬನ್ನೇ? ಹೆಣ್ಣುಮಕ್ಕಳನ್ನ?"

"ದನ ಕರು ನೋಡ್ಕಳಾಕೆ ಮನ್ಯಾಗೆ ಯಾರಾದ್ರೂ ಬೇಕಲ್ರೀ." ಹೇಳಿದ ಮೇಲೆ ಆ ಮಾತು ಅವನಿಗೇ ರುಚಿಸಲಿಲ್ಲವೇನೋ, ಕೈಯಲ್ಲಿದ್ದ ನಾರನ್ನು ಹಿಸುಕತೊಡಗಿದ. ಹಿಸುಕುತ್ತಲೇ ಮೆಲ್ಲಗೆ, "ಭಾನುವಾರ ಒಂದು ಕಳೀಲಿ. ಸೋಮವಾರದಿಂದ ಸೂಜಿ ಹಾಕಿದ್ರಾಗಲ್ವಾ?" ಎಂದ.

ಇದೇ ಮಾತನ್ನು ಅಂದು ಬೆಳಿಗ್ಗೆಯಾಗಿದ್ದರೆ ಭೀಮಕ್ಕನೇ ಆಡುತ್ತಿದ್ದಳು. ಈಗ ನಾಲಿಗೆ ಅತ್ತ ಹೊರಳಲಿಲ್ಲ.

"ನಾಳೆಯಿಂದಲೇ ಹಾಕ್ರಿ ನರ್ಸಮ್ಮ. ಇವಳಿಗೂ ಒಂದು ಡಬ್ಬಿ ಕೊಡ್ರಿ." ಗಂಡನ ಕಡೆ ನೋಡದೆಯೇ ಹೇಳಿದಳು: "ನ್ಯಾಮತಿಗೆ ಹೇಳಿ ಕಳಿಸ್ರಿ, ಈಗ ಬರಬ್ಯಾಡ್ರಿ ಅಂತ."

"ಯಾಕೆ ಅಂತಾರೆ. ಏನು ಹೇಳ್ಲಿ?"

"ನನಗೆ ಟಿ.ಬಿ. ಆಗೈತೆ ಅನ್ರಿ. ನಿಮಗೆ ಆದಾಗ ಬಾಯಿ ಬಿಟ್ಟು ಹೇಳಿದ್ವಲ್ಲ. ಓಣಿಯೋರೆಲ್ಲ ಹಾಲು, ಮೊಟ್ಟೆ ತಂದು ಕೊಟ್ರು. ನನಗೆ ಹಾಲು ಬ್ಯಾಡ, ಕಾಯಿಲೆ ಹೆಸರಾದ್ರೂ ಹೇಳ್ರಿ."

"ಹಾಲೂ ಬೇಕು," ಎಂದಳು ನಿರ್ಮಲಮ್ಮ, ಚೀಲದಿಂದ ಹೊಸ ಡಬ್ಬಿ ತೆಗೆಯುತ್ತ.

ಮರುದಿನ ಬೆಳಿಗ್ಗೆ ಕಸ್ತೂರಿ ಡಬ್ಬಿ ಹಿಡಿದು ಬಚ್ಚಲ ಗೋಡೆಯ ಹತ್ತಿರ ಹೋದಳು. ಭೀಮಕ್ಕ ಸಗಣಿ ಬುಟ್ಟಿ ಎತ್ತಿಕೊಂಡು ಕೊಟ್ಟಿಗೆಗೆ ಹೋದಳಾದರೂ ಬಾಚಲಿಲ್ಲ, ಬಾಗಿಲಲ್ಲೇ ನಿಂತಳು. ಗೋಡೆಯಾಚೆ ಹುಡುಗಿ ಕೆಮ್ಮಿದಳು. ಒಣ ಕೆಮ್ಮು. ಮತ್ತೆ ಕೆಮ್ಮಿದಳು. ಮಲ್ಲೇಶಪ್ಪ ನ್ಯಾಮತಿಗೆ ಕಳಿಸಿದ ಆಳು ಏನು ಸುದ್ದಿ ತರುತ್ತಾನೋ, ಈ ಡಬ್ಬಿ ಏನು ಹೇಳುತ್ತದೋ. ಬುಟ್ಟಿಯನ್ನು ಕೆಳಗಿಟ್ಟಳು, ಎತ್ತಿದಳು, ಮತ್ತೆ ಇಟ್ಟಳು.

"ಬಂತವ್ವ," ಎಂದು ಕಸ್ತೂರಿ ಆ ಕಡೆಯಿಂದ ಕೂಗಿ ಹೇಳಿದಳು.

ಭೀಮಕ್ಕ ಉತ್ತರ ಕೊಡಲು ಬಾಯಿ ತೆರೆದಳು. ಕೆಮ್ಮು ಒತ್ತರಿಸಿಕೊಂಡು ಬಂತು, ಗೂಟ ಹಿಡಿದುಕೊಂಡು ಬಗ್ಗಿದಳು. ಮನೆಯೊಳಗೆ ಮಲ್ಲೇಶಪ್ಪ ಎದ್ದು ಕುಳಿತ ಸದ್ದಾಯಿತು.

ಹೊಗೆ ಎನ್ನಲು ಒಲೆ ಇನ್ನೂ ಹೊತ್ತಿರಲಿಲ್ಲ.