ಮೂರನೇ ಸಿಲಿಂಡರಿನ ತಳ

2025ರ ಮಾರ್ಚ್ 17, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಆ ಹಳೆಯ ಎಂಜಿನ್ ಬ್ಲಾಕು ಸರಪಳಿಗೆ ಜೋತುಬಿದ್ದು ವರ್ಕ್‌ಶಾಪಿನ ಹಿತ್ತಲಿನಿಂದ ಒಳಗೆ ಬಂತು. ನಾಲ್ಕು ಸಿಲಿಂಡರಿನ ಎರಕದ ಕಬ್ಬಿಣ. ಐದು ವರ್ಷ ಗೋಡೆಗೊರಗಿ ಬಿದ್ದಿದ್ದಕ್ಕೆ ಹೊರಮೈ ತುಂಬ ತುಕ್ಕು, ಒಂದು ಮೂಲೆಯಲ್ಲಿ ಜೇಡನ ಸಂಸಾರ. ಒಳಗಿನ ಸಿಲಿಂಡರುಗಳಿಗೆ ಮಾತ್ರ ಯಾರೋ ಗ್ರೀಸು ಬಳಿದು ಮೇಲೆ ಹಲಗೆ ಮುಚ್ಚಿಟ್ಟಿದ್ದರು.

"ಕೊನೆಗೆ ಹಳೇ ಗಂಡನ ಪಾದವೇ ಗತಿ ಆಯ್ತು ನೋಡಿ," ಎಂದರು ಟ್ಯಾಂಕರಿನವರು. ನೀರಿನ ಟ್ಯಾಂಕರ್ ಇಟ್ಟುಕೊಂಡಿದ್ದ ಅವರಿಗೆ ಇಲ್ಲಿ ಬೇರೆ ಹೆಸರಿರಲಿಲ್ಲ. ಈ ಬ್ಲಾಕು ಮೊದಲು ಅವರ ಗಾಡಿಯದೇ. ಅದು ಕೆಟ್ಟಾಗ ಇನ್ನೊಂದನ್ನು ಹಾಕಿಸಿಕೊಂಡಿದ್ದರು. ಈಗ ಅದೂ ಬಿರುಕು ಬಿಟ್ಟಿತ್ತು, ಮತ್ತು ಆ ಮಾದರಿಯ ಬ್ಲಾಕು ಎಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಅವರು ತೊಳೆಯುವ ತೊಟ್ಟಿಯ ಕಡೆ ತಿರುಗಿ ಕೂಗಿದರು. "ಏನಮ್ಮಾ ಬಿಗಿ ತಂಗಿ, ಈ ಸಲ ನೀನು ಬರೀ ಸ್ನಾನ ಮಾಡಿಸಿ ಕಳಿಸು ಸಾಕು. ಬೋರಿಂಗ್ ಹತ್ರ ಮಾತ್ರ ಸುಳೀಬೇಡ. ಪಿಸ್ಟನ್‌ಗೂ ಉಸಿರಾಡೋಕೆ ಜಾಗ ಬೇಕು!"

ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ನಗದಿದ್ದರೆ ಮಾತು ಇನ್ನೂ ಬೆಳೆಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಅವಳನ್ನು ಮೊದಲು ತಂಗಿ ಎಂದು ಕರೆದವನು ಅಣ್ಣ. ಅವನ ಬಾಯಿಂದ ಕೆಲಸಗಾರರಿಗೆ, ಅವರಿಂದ ಗಿರಾಕಿಗಳಿಗೆ ಹಬ್ಬಿ, ಮೂವತ್ತೊಂಬತ್ತನೇ ವಯಸ್ಸಿಗೆ ಅವಳು ಬೀದಿಗೆಲ್ಲ ತಂಗಿಯಾಗಿದ್ದಳು. 'ಬಿಗಿ' ಎಂಬುದು ಆಮೇಲೆ ಅಂಟಿಕೊಂಡದ್ದು. ಐದು ವರ್ಷದ ಹಿಂದೆ ಇದೇ ಬ್ಲಾಕಿನ ಸವೆದ ಸಿಲಿಂಡರುಗಳನ್ನು ಕೊರೆದು ಅಗಲ ಮಾಡಿದವಳು ಅವಳು. ಪ್ರತಿಯೊಂದೂ ತೊಂಬತ್ತಾರೂವರೆ ಮಿಲಿಮೀಟರಿಗೆ ಬರಬೇಕಿತ್ತು. ಮಿಲಿಮೀಟರಿನ ನೂರರಲ್ಲಿ ಎರಡು ಭಾಗ ಹೆಚ್ಚಾದರೂ ನಡೆಯುತ್ತಿತ್ತು, ಒಂದು ಭಾಗ ಕಡಿಮೆಯಾದರೂ ನಡೆಯುತ್ತಿರಲಿಲ್ಲ. ಅವಳು ಕೊರೆದು, ಹೋನಿಂಗ್ ಕಲ್ಲಿನಿಂದ ಒಳಮೈಗೆ ಓರೆಗೆರೆ ಎಳೆದು ಕೊಟ್ಟಳು. ಅಣ್ಣ ತೊಳೆದು, ಜೋಡಿಸಿ, ಕಳಿಸಿದ. ಎರಡು ವಾರ ಕಳೆಯುವ ಮೊದಲೇ ತುಂಬಿದ ಟ್ಯಾಂಕರು ಏರಿನಲ್ಲಿ ನಿಂತುಬಿಟ್ಟಿತು. ಮೂರನೇ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು.

ಅಣ್ಣನೇ ಬಿಚ್ಚಿ ನೋಡಿ, ಅಂಗಳಕ್ಕೆ ಬಂದು ಎಲ್ಲರೆದುರು ಹೇಳಿದ್ದ. "ಮೂರನೇದು ತೊಂಬತ್ತಾರು ಪಾಯಿಂಟ್ ನಲವತ್ತಾರು ಇದೆ. ನೂರರಲ್ಲಿ ನಾಲ್ಕು ಭಾಗ ಬಿಗಿ. ಹೋಗ್ಲಿ ಬಿಡಿ, ಬೈಬೇಡಿ ಅವಳನ್ನ. ಕೈ ಇನ್ನೂ ಪಳಗಬೇಕು." ಅದನ್ನು ಎಷ್ಟು ಮೆತ್ತಗೆ ಹೇಳಿದ್ದನೆಂದರೆ ಅವಳಿಗೆ ಅದು ಅಕ್ಕರೆಯಂತೆಯೇ ಕೇಳಿಸಿತ್ತು. ಮಾರನೇ ದಿನದಿಂದ ಬೋರಿಂಗ್ ಮಷೀನಿಗೆ ಅಣ್ಣ, ತೊಳೆಯುವ ತೊಟ್ಟಿಗೆ ತಂಗಿ.

ಅಳೆಯುವುದನ್ನು ಕಲಿಸಿದ್ದೇ ಅವನು. ಅಪ್ಪ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು. ಬೋರ್ ಗೇಜಿನ ಉದ್ದ ಕಾಲನ್ನು ಸಿಲಿಂಡರಿಗೆ ಇಳಿಸಿ ತೊಟ್ಟಿಲಿನಷ್ಟು ಮೆಲ್ಲಗೆ ತೂಗಬೇಕು. ಮುಳ್ಳು ಒಂದು ಕಡೆ ಹೋಗಿ ತಾನಾಗಿ ಹಿಂದಕ್ಕೆ ತಿರುಗುವ ಜಾಗವೇ ನಿಜವಾದ ಅಳತೆ. "ಮುಳ್ಳಿಗೆ ನಿನ್ನ ಮೇಲೆ ಪ್ರೀತಿನೂ ಇಲ್ಲ, ಸಿಟ್ಟೂ ಇಲ್ಲ ಕಣೇ," ಎಂದು ಅವಳ ಮಣಿಕಟ್ಟು ಹಿಡಿದು ತೋರಿಸಿದ್ದ. ಅಂಥವನು ಅಂಕಿ ಹೇಳಿದ ಮೇಲೆ ತಾನೂ ಒಮ್ಮೆ ನೋಡಬಹುದೆಂಬುದು ಅವಳಿಗೆ ತೋಚಲೇ ಇಲ್ಲ. ಬದಲಿಗೆ ತನ್ನ ಕೈಯನ್ನೇ ನಂಬುವುದು ಬಿಟ್ಟಳು. ಬಾಗಿಲ ಚಿಲಕ ಮೂರು ಸಲ ಎಳೆದು ನೋಡುತ್ತಿದ್ದಳು. ಅಮ್ಮನ ಮಾತ್ರೆ ಎಣಿಸಿ ಕೊಟ್ಟು, ಮತ್ತೆ ವಾಪಸು ಈಸಿಕೊಂಡು ಎಣಿಸುತ್ತಿದ್ದಳು.

ಆ ಸೋಮವಾರ ಅಣ್ಣ ಮೂರನೇ ಸಿಲಿಂಡರಿನೊಳಗೆ ಕೂರಿಸುವ ಕೊಳವೆ, ಹೊಸ ಲೈನರ್, ತರಲು ಹೋದ. ಅವಳು ಬ್ಲಾಕಿನ ಹಳೆಯ ಗ್ಯಾಸ್ಕೆಟ್ ಕೆರೆದು, ಎಣ್ಣೆ ನಾಳದ ತುದಿಗಳ ಪ್ಲಗ್ಗು ಬಿಚ್ಚತೊಡಗಿದಳು. ಹಿಂಬದಿಯ ಒಂದು ಪ್ಲಗ್ಗು ಏನು ಮಾಡಿದರೂ ಜಗ್ಗಲಿಲ್ಲ. ಅದನ್ನು ಆಮೇಲೆ ನೋಡೋಣವೆಂದು ಬಿಟ್ಟು, ಬ್ಲಾಕನ್ನು ಬಿಸಿ ದ್ರಾವಣದ ತೊಟ್ಟಿಗೆ ಇಳಿಸಿದಳು. ಮೇಲೆತ್ತಿ ನೀರು ಹಾಯಿಸಿದಾಗ ಕಬ್ಬಿಣ ಬೂದು ಬಣ್ಣಕ್ಕೆ ತಿರುಗಿ, ಇನ್ನೂ ಬೆಚ್ಚಗೆ ಹಬೆಯಾಡುತ್ತಿತ್ತು.

ಮೂರನೇ ಸಿಲಿಂಡರಿನ ಮೇಲ್ಭಾಗದಲ್ಲಿ ಪಿಸ್ಟನ್ ಉಜ್ಜಿದ ಉದ್ದುದ್ದ ಗಾಯ. ಆದರೆ ತೀರಾ ತಳದಲ್ಲಿ, ಪಿಸ್ಟನ್ನಿನ ಉಂಗುರಗಳು ಎಂದೂ ಮುಟ್ಟದ ಎರಡು ಬೆರಳಗಲದ ಪಟ್ಟಿಯಲ್ಲಿ, ಅವಳು ಎಳೆದ ಓರೆಗೆರೆಗಳು ಹಾಗೇ ಇದ್ದವು. ಅಲ್ಲಿ ಸವೆತವಿಲ್ಲ. ಅಂದು ಅವಳ ಕೈ ಎಷ್ಟಕ್ಕೆ ನಿಲ್ಲಿಸಿತ್ತೋ ಅಷ್ಟೇ ಅಳತೆ ಅಲ್ಲಿರಬೇಕು.

ನೋಡಿಬಿಡೋಣ ಎನಿಸಿತು. ತಾನು ಸರಿ ಎಂದು ತೋರಿಸುವ ಆಸೆ ಅವಳಿಗಿರಲಿಲ್ಲ. ಇಷ್ಟು ವರ್ಷ ಹೊತ್ತು ತಿರುಗಿದ ತಪ್ಪಿನ ಮುಖ ಹೇಗಿದೆಯೆಂದು ಒಮ್ಮೆ ಕಾಣಬೇಕಿತ್ತು, ಅಷ್ಟೇ. ಮೈಕ್ರೋಮೀಟರಿಗೆ ಹಿಡಿದು ಗೇಜನ್ನು ತೊಂಬತ್ತಾರೂವರೆಗೆ ಸೊನ್ನೆ ಮಾಡಿ, ತಳಕ್ಕಿಳಿಸಿ, ತೂಗಿದಳು.

96.53.

ಬಿಸಿ ಕಬ್ಬಿಣ ಹಿಗ್ಗಿರುತ್ತದೆ ಎಂದುಕೊಂಡಳು. ಅಣ್ಣನ ಪರವಾಗಿ ಕಬ್ಬಿಣದ ಮೇಲೆ ತಪ್ಪು ಹೊರಿಸಿ, ಬ್ಲಾಕಿನ ಮೇಲೆ ಒಣಬಟ್ಟೆ ಹೊದಿಸಿ, ಮಹಡಿಯ ಮನೆಗೆ ಊಟಕ್ಕೆ ಹತ್ತಿದಳು.

ಅಣ್ಣ ಬಂದಿದ್ದ. "ಯಾಕೆ ಹೀಗೆ ಕೋಳಿ ಕೆದಕಿದ ಹಾಗೆ ತಿಂತಿದೀಯ? ಹಾಕ್ಕೋ ಇನ್ನಷ್ಟು," ಎಂದು ತಾನೇ ಅವಳ ತಟ್ಟೆಗೆ ಅನ್ನ ಬಡಿಸಿದ. ಅಮ್ಮ, "ಅಣ್ಣ ಅಂದ್ರೆ ಹೀಗಿರಬೇಕು," ಎಂದಳು. ಬಿಸಿಗೆ ಎಷ್ಟು ಹಿಗ್ಗಬಹುದೆಂದು ತಂಗಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಮುಟ್ಟಿದರೆ ಕೈ ತಡೆಯುವಷ್ಟು ಬೆಚ್ಚಗಿದ್ದ ಕಬ್ಬಿಣ ನೂರರಲ್ಲಿ ಎರಡು ಭಾಗ ಹಿಗ್ಗಿದ್ದೀತು. ಏಳು ಭಾಗ ಹಿಗ್ಗಬೇಕಾದರೆ ಅದನ್ನು ಮುಟ್ಟಲೂ ಆಗುತ್ತಿರಲಿಲ್ಲ.

ಸಂಜೆ ನಾಲ್ಕಕ್ಕೆ ಬ್ಲಾಕು ಗೋಡೆಯಷ್ಟೇ ತಣ್ಣಗಾಗಿತ್ತು. ಮತ್ತೆ ಇಳಿಸಿದಳು. 96.51. ಗೇಜನ್ನು ಹೊಸದಾಗಿ ಸೊನ್ನೆ ಮಾಡಿ ನೋಡಿದರೂ 96.51. ಮೊದಲ ಎರಡರ ತಳದಲ್ಲೂ ಹಾಗೆಯೇ. ನಾಲ್ಕನೆಯದು ಮಾತ್ರ ಸರಿಯಾಗಿ 96.50.

ಹಾಗಾದರೆ ಪಿಸ್ಟನ್ ಕಚ್ಚಿದ್ದೇಕೆ? ಬೆಳಿಗ್ಗೆ ಜಗ್ಗದ ಪ್ಲಗ್ಗಿನ ಹತ್ತಿರ ಹೋಗಿ ಕೂತಳು. ಒಮ್ಮೆ ಬಿಚ್ಚಿದ ಪ್ಲಗ್ಗಿನ ಗುಳಿಯ ಮೂಲೆಗಳು ಮೊಂಡಾಗಿರುತ್ತವೆ. ಇದರವು ಕಾರ್ಖಾನೆಯಿಂದ ಬಂದಷ್ಟೇ ಚೂಪು. ಉರಿ ಹಿಡಿದು, ಕೀಲಿಗೆ ಉದ್ದದ ಪೈಪು ಸಿಕ್ಕಿಸಿ, ಇಡೀ ಮೈಭಾರ ಹಾಕಿದ ಮೇಲೆ ಅದು ಕಿರುಗುಟ್ಟಿ ಬಿಟ್ಟುಕೊಂಡಿತು. ಒಳಗಿನ ನಾಳದಲ್ಲಿ ತಂತಿ ಹಾಯಿಸಿದಳು. ಮೂರನೇ ಪಿಸ್ಟನ್ನಿನ ತಳಕ್ಕೆ ಎಣ್ಣೆ ಚಿಮ್ಮಿಸುವ ಸಣ್ಣ ರಂಧ್ರದ ಬಾಯಲ್ಲಿ ತಂತಿ ತಡೆಯಿತು. ಕೆದಕಿದಾಗ ಸೀಸದಕಡ್ಡಿಯ ಬಣ್ಣದ ಗಟ್ಟಿ ಉಂಡೆ ಅಂಗೈಗೆ ಬಿತ್ತು. ಹೋನಿಂಗ್ ಕಲ್ಲಿನ ಪುಡಿ, ಕಬ್ಬಿಣದ ಪುಡಿ. ಎಣ್ಣೆ ಸಿಗದೆ ಪಿಸ್ಟನ್ ಕಾದು ಹಿಗ್ಗಿ ಕಚ್ಚಿಕೊಂಡಿತ್ತು. ಅಂದು ಈ ಪ್ಲಗ್ಗು ಬಿಚ್ಚಿ ನಾಳಕ್ಕೆ ಬ್ರಷ್ಷು ಹಾಕಿ ತೊಳೆದಿದ್ದರೆ ಹೊರಗೆ ಹೋಗಬೇಕಾಗಿದ್ದ ಕಸ. ತೊಳೆದವನು ಅಣ್ಣ.

ಲೇತಿನ ಹತ್ತಿರ ಗ್ಯಾಸ್ಕೆಟ್ ಮಾಮ ನಿಂತಿದ್ದರು. ಅಪ್ಪನ ಕಾಲದ ಕೆಲಸಗಾರ. ಯಾವ ಇಬ್ಬರ ಜಗಳದ ಮಧ್ಯೆಯೂ ಹೋಗಿ ಕೂತು ಒಂದು ಹನಿ ಹೊರಗೆ ಸೋರದಂತೆ ನೋಡಿಕೊಳ್ಳುವವರಾದ್ದರಿಂದ ಆ ಹೆಸರು. ಅವಳು ಅಂಗೈ ಚಾಚಿದಳು. ಅವರು ಉಂಡೆಯನ್ನು ನೋಡಿ, ಕನ್ನಡಕ ತೆಗೆದು ಒರೆಸತೊಡಗಿದರು.

"ಮಾಮ, ಅವತ್ತು ಅಣ್ಣ ಅಳೆದಾಗ ನೀವು ಪಕ್ಕದಲ್ಲೇ ಇದ್ರಲ್ಲ. ಗೇಜು ತಪ್ಪು ತೋರಿಸ್ತಿತ್ತಾ?"

"ಗೇಜಾ?" ಒರೆಸುವುದು ನಿಲ್ಲಲಿಲ್ಲ. "ಗೇಜು ಪೆಟ್ಟಿಗೆಯಿಂದ ಆಚೆಗೇ ಬರ್ಲಿಲ್ಲ ಮಗಳೇ."

"ಮತ್ತೆ ನಲವತ್ತಾರು?"

"ಬಾಯಿಗೆ ಬಂದದ್ದು ಹೇಳ್ದ. ನಿಮ್ಮ ಮನೆ ಮಾತು, ನಾನ್ಯಾಕೆ ಮಧ್ಯ ಅಂತ..."

"ಎಲ್ಲಾದಕ್ಕೂ ಮಧ್ಯ ಬರೋರು ನೀವು ಮಾಮ. ಅವತ್ತೊಂದಿನ ಬರ್ಬಾರ್ದಿತ್ತಾ?"

ಅವರು ಕನ್ನಡಕ ಹಾಕಿಕೊಂಡರು. ಆದರೆ ಅವಳ ಕಡೆ ತಿರುಗಲಿಲ್ಲ.

ಸರಿಯಿದ್ದೆ ಎಂದು ತಿಳಿದಾಗ ಹಗುರಾಗಬೇಕಿತ್ತು. ಆಗಲಿಲ್ಲ. ತಪ್ಪಾಗಿ ಓದಿದ್ದಿದ್ದರೆ ಅದನ್ನು ಕಣ್ಣಿನ ದೋಷ ಎನ್ನಬಹುದಿತ್ತು. ಓದದೆಯೇ ಹೇಳಿದ್ದಕ್ಕೆ ಏನನ್ನಬೇಕು? ತಪ್ಪು ಅವಳದೇ ಆಗಿದ್ದಿದ್ದರೆ ಅಣ್ಣನಾದರೂ ಉಳಿಯುತ್ತಿದ್ದ.

ಅಣ್ಣ ಲೈನರನ್ನು ಬೆಂಚಿನ ಮೇಲಿಟ್ಟು ಕಾಗದ ಬಿಚ್ಚುತ್ತಿದ್ದ. ಅವಳು ಉಂಡೆಯನ್ನು ಅದರ ಪಕ್ಕ ಇಟ್ಟಳು. ಅದೇನೆಂದು ಅವನು ಕೇಳಲಿಲ್ಲ. ಅವಳಿಗೆ ಅಷ್ಟೇ ಸಾಕಾಯಿತು.

"ಯಾವಾಗ ಗೊತ್ತಾಯ್ತಣ್ಣ ನಿನಗೆ?"

"ಬಿಚ್ಚಿದ ದಿನಾನೇ," ಎಂದ. ಬಿಚ್ಚಿದ ಕಾಗದವನ್ನು ಸವರುತ್ತ, "ನೋಡು, ಅವರು ಅವತ್ತು ತಲೆ ಮೇಲೆ ಕೂತಿದ್ರು, ಇವತ್ತೇ ಬೇಕು ಅಂತ. ಆ ಪ್ಲಗ್ಗು ಬರ್ಲಿಲ್ಲ, ಬಿಟ್ಟೆ. ಆಮೇಲೆ ಅಂಗಳದಲ್ಲಿ ಅಷ್ಟು ಜನ. ನನ್ನ ಕೆಲಸ ಕೆಟ್ಟಿದ್ದು ಅಂದಿದ್ರೆ ಮಾರನೇ ದಿನ ಯಾರು ಬರ್ತಿದ್ರು ಇಲ್ಲಿಗೆ? ನನ್ನ ಹೆಸರು ಹೋದ್ರೆ ವರ್ಕ್‌ಶಾಪ್ ಹೆಸರು ಹೋಗುತ್ತೆ. ನಿನ್ನ ಹೆಸರು ಹೋದ್ರೆ ಮನೆಯೊಳಗೇ ಇರುತ್ತೆ."

"ಮನೆಯೊಳಗೆ ಇರ್ಲಿಲ್ಲ. ಬೀದಿಯವರೆಲ್ಲ ಬಿಗಿ ತಂಗಿ ಅಂತಾರೆ. ನೀನೂ ನಗ್ತೀಯ."

"ತಮಾಷೆಗೆ ಅಂತಾರಪ್ಪ."

"ಆಯ್ತು. ವರ್ಕ್‌ಶಾಪ್ ಉಳಿಸಿದೆ. ಆಮೇಲೆ ಯಾವತ್ತಾದ್ರೂ ಒಂದಿನ, ಯಾರೂ ಇಲ್ಲದಾಗ, ನನಗೊಬ್ಬಳಿಗೆ ಹೇಳೋಕೆ ಏನಾಗಿತ್ತು? ದಿನಾ ಒಂದೇ ಮನೇಲಿ ಊಟ ಮಾಡಿದೀವಲ್ಲ."

ಅವನು ಲೈನರಿನ ಕಾಗದವನ್ನು ಮಡಿಸಿದ, ಮತ್ತೆ ಇನ್ನೂ ಚಿಕ್ಕದಾಗಿ ಮಡಿಸಿದ. "ನಾಳೆಯಿಂದ ಬೋರಿಂಗ್ ನೀನೇ ಮಾಡು," ಎಂದ ಕೊನೆಗೆ. "ಇದನ್ನೂ ನೀನೇ ಕೊರಿ. ಹಳೇದು ಎತ್ತಬೇಡ, ಅಷ್ಟೇ."

"ಟ್ಯಾಂಕರಿನವರು ನಾಳೆ ಬರ್ತಾರೆ. ಎಲ್ಲರೆದುರು ಹೇಳಿದ್ದನ್ನ ಅವರೊಬ್ಬರೆದುರು ನೀನೇ ತಿದ್ದು. ಆಮೇಲೆ ಕೊರೀತೀನಿ."

ಅವನು ತಲೆಯಾಡಿಸಿದ. ಮಾತು ಕೊಟ್ಟನೆಂದೇ ಅವಳು ತಿಳಿದಳು.

ಮರುದಿನ ಬೆಳಿಗ್ಗೆ ಟ್ಯಾಂಕರಿನವರು ಚಹಾದ ಲೋಟ ಹಿಡಿದುಕೊಂಡೇ ಒಳಗೆ ಬಂದರು. ಅಣ್ಣ ಗಂಟಲು ಸರಿಮಾಡಿಕೊಂಡ. "ಅದೇನಾಗಿತ್ತು ಅಂದ್ರೆ, ಆವಾಗ ಎಣ್ಣೆ ನಾಳದಲ್ಲಿ ಏನೋ ಒಂದು ಚೂರು ಕಸ ಸಿಕ್ಕಿತ್ತಂತೆ. ಈಗ ಕಾಣಿಸ್ತು."

"ಓಹೋ! ಹಾಗಾದ್ರೆ ತಂಗಿದು ತಪ್ಪಲ್ವಾ?"

ಅಣ್ಣ ಒಂದು ಕ್ಷಣ ಅವಳನ್ನು ನೋಡಿದ. ಆಮೇಲೆ ನಕ್ಕ. "ಒಬ್ಬರ ತಪ್ಪು ಅಂತ ಹೇಗೆ ಹೇಳೋದು? ಎಲ್ಲಾರದ್ದೂ ಸ್ವಲ್ಪ ಸ್ವಲ್ಪ."

ಐದು ವರ್ಷದ ಹಿಂದಿನ ಸುಳ್ಳನ್ನು ಅವಳು ಹೆದರಿಕೆಯ ಲೆಕ್ಕಕ್ಕೆ ಬರೆದಿದ್ದಳು. ಇದನ್ನು ಯಾವ ಲೆಕ್ಕಕ್ಕೆ ಬರೆಯುವುದು? ಅವಳು ಎದುರಿಗೇ ನಿಂತಿದ್ದಾಳೆ, ಅವಳಿಗೆ ನಿಜ ಗೊತ್ತಿದೆ ಎಂದು ಅವನಿಗೂ ಗೊತ್ತಿದೆ. ಆದರೂ ಅವನ ಧ್ವನಿ ಅಂದಿನಷ್ಟೇ ಮೆತ್ತಗಿತ್ತು.

"ಬನ್ನಿ ಇಲ್ಲಿ," ಎಂದಳು ಟ್ಯಾಂಕರಿನವರಿಗೆ. ಲೋಟ ಕೆಳಗಿಡಿಸಿ ಬ್ಲಾಕಿನ ಹತ್ತಿರ ಕರೆದೊಯ್ದಳು. ಮೂರನೇ ಸಿಲಿಂಡರಿನ ತಳಕ್ಕೆ ಗೇಜು ಇಳಿಸಿ ತೂಗಿದಳು. "ಈ ಸೊನ್ನೆ ಇದೆಯಲ್ಲ, ಅದು ತೊಂಬತ್ತಾರೂವರೆ. ಮುಳ್ಳು ಎಲ್ಲಿ ತಿರುಗುತ್ತೆ ನೋಡಿ. ಸೊನ್ನೆಗಿಂತ ಬಿಗಿ ಕಡೆಗೋ, ಸಡಿಲದ ಕಡೆಗೋ?"

ಅವರು ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರು. "ಸಡಿಲದ ಕಡೆಗೆ ಒಂದು ಗೆರೆ."

"ನಾನು ಮಾಡಿಕೊಟ್ಟಿದ್ದು ಅದು. ತೊಳೆದಿದ್ದು ನಾನಲ್ಲ."

ಟ್ಯಾಂಕರಿನವರು ಅಣ್ಣನನ್ನು ನೋಡಿದರು, ಅಣ್ಣ ಲೈನರನ್ನು ನೋಡಿದ. "ನಾನು ಇಷ್ಟು ವರ್ಷ ಬಾಯ್ತುಂಬ ಕರೆದೆನಲ್ಲ ಆ ಹೆಸರು," ಎಂದರು ಅವರು, "ಅದನ್ನ ಈಗ ಎಲ್ಲಿಡ್ಲಮ್ಮಾ?"

"ನನಗೆ ಕೊಟ್ಟೋರಿಗೇ ಕೊಡಿ."

ಗ್ಯಾಸ್ಕೆಟ್ ಮಾಮ ಏನೋ ಹೇಳಲು ಬಾಯಿ ತೆರೆದರು. ಈ ಸಲ ಅವಳು ಬೆರಳೆತ್ತಿ ತಡೆದಳು.

ಕೆಲಸ ಮಾತ್ರ ಕಾಯುತ್ತಿತ್ತು. ಬ್ಲಾಕನ್ನು ಬೋರಿಂಗ್ ಮಷೀನಿನ ಹಾಸಿಗೆಯ ಮೇಲೆ ಕೂರಿಸಿದಳು. ಮೂರನೇ ಸಿಲಿಂಡರನ್ನು ಅಗಲ ಮಾಡಿ, ಹೊಸ ಲೈನರನ್ನು ಒತ್ತಿ ಕೂರಿಸಿ, ನಾಲ್ಕನ್ನೂ ಹೊಸ ಪಿಸ್ಟನ್ನಿಗೆ ಹೊಂದುವಂತೆ ತೊಂಬತ್ತೇಳಕ್ಕೆ ಕೊರೆಯಬೇಕು. ನೂರರಲ್ಲಿ ಎರಡು ಭಾಗ ಹೆಚ್ಚಾದರೂ ನಡೆಯುತ್ತದೆ. ಮೊದಲ ಸಿಲಿಂಡರಿಗೆ ಉಳಿ ಇಳಿಸುವ ಮುನ್ನ ಅವಳು ಅಳತೆಯನ್ನು ಮೂರು ಸಲ ನೋಡಿದಳು. ಎರಡನೆಯದಕ್ಕೂ ಮೂರು ಸಲ ನೋಡಿದಳು. ಸಣ್ಣ ಸಣ್ಣ ತುಂಡಾಗಿ ಕಬ್ಬಿಣ ಉದುರುತ್ತ ಹೋದ ಹಾಗೆ, ಯಾವಾಗ ನಿಂತಿತೆಂದು ಗೊತ್ತಾಗದೆ, ಆ ಮೂರು ಸಲದ ಎಣಿಕೆ ನಿಂತಿತು. ಹೋನಿಂಗ್ ಮುಗಿಸಿದಳು. ಎಣ್ಣೆ ನಾಳಗಳನ್ನೆಲ್ಲ ಬ್ರಷ್ಷು ಹಾಕಿ ತಾನೇ ತೊಳೆದಳು. ತಣ್ಣಗಾಗಲು ಬಿಟ್ಟಳು.

ಗೇಜು ಇಳಿಸುತ್ತಿದ್ದಂತೆ ಅಣ್ಣ ಹಿಂದೆ ಬಂದು ನಿಂತದ್ದು ಗೊತ್ತಾಯಿತು. ಹೊರಗೆ ಹೋಗುವ ಪ್ರತಿಯೊಂದು ಬ್ಲಾಕಿನ ಕೊನೆಯ ಅಳತೆ ಈ ವರ್ಕ್‌ಶಾಪಿನಲ್ಲಿ ಅವನದು.

"ಕೊಡು, ನಾನೂ ಒಂದ್ಸಲ ನೋಡ್ತೀನಿ," ಎಂದು ಕೈ ಚಾಚಿದ.

"ಬೇಡಣ್ಣ."

ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅದು ಬೆಂಚಿನ ಮೇಲಿದ್ದ ಎಣ್ಣೆಬಟ್ಟೆಯನ್ನು ಎತ್ತಿಕೊಂಡು, ಕೊಳೆಯಿಲ್ಲದ ಬೆರಳುಗಳನ್ನು ಒರೆಸಿಕೊಳ್ಳತೊಡಗಿತು. ಅವಳು ತಿರುಗಿ ನೋಡಲಿಲ್ಲ. ಮೆಲ್ಲಗೆ ಗೇಜು ತೂಗಿ, ಮುಳ್ಳು ತಿರುಗುವುದನ್ನು ಕಾದಳು.

ಮೂರನೇ ಸಿಲಿಂಡರು 97.01 ಮಿಲಿಮೀಟರ್.